ಮುತ್ತೈದೆ ಸಾವಿಗೆ ಕಾದವರು

ನನಗೆ ದಮ್ಮು ಹತ್ತಿದ್ದು ಬಬಲೇಶ್ವರದ ಗಂಡನ ಮನೆಯ ಒಲೆಯ ಮುಂದೆ. ಸೀಮೆಎಣ್ಣೆ ಕೂಡ ಸಿಗದ ಯುದ್ಧದ ವರ್ಷಗಳು. ಹಸಿ ಹತ್ತಿಕಟ್ಟಿಗೆ, ಅರೆ ಒಣಗಿದ ಸಗಣಿ ಕುಳ್ಳು, ಅದರ ಮೇಲೆ ಹದಿನಾಲ್ಕು ಮಂದಿಗೆ ಎರಡು ಹೊತ್ತು ರೊಟ್ಟಿ. ಇಪ್ಪತ್ತೆಂಟು ತುಂಬುವುದರೊಳಗೆ ನನ್ನ ಎದೆ ಕಮ್ಮಾರನ ತಿದಿಯಂತೆ ಸದ್ದು ಮಾಡತೊಡಗಿತು.

ಚಕ್ಕಡಿ ಕಟ್ಟಿಕೊಂಡು ವಿಜಾಪುರಕ್ಕೆ ಹೋದೆವು. ಡಾಕ್ಟರು ಬೆನ್ನಿಗೂ ಎದೆಗೂ ಕೊಳವೆ ಇಟ್ಟು ಕೇಳಿ, “ಇದು ಕ್ಷಯ ಅಲ್ಲ, ದಮ್ಮು. ಪೂರ್ತಿ ವಾಸಿ ಆಗೂದಿಲ್ಲ. ಆದರ ಜತನ ಮಾಡಿದ್ರ ಬಾಳ ವರ್ಷ ಬದುಕ್ತಾರ. ಹೊಗಿಯಿಂದ ದೂರ ಇಡ್ರಿ” ಅಂದರು. ಅತ್ತೆ ಕೆಟ್ಟವರಲ್ಲ. ಆದರೆ ಇಷ್ಟು ಮಾತಿನಲ್ಲಿ ಅವರು ಊರಿಗೆ ಹೊತ್ತು ತಂದದ್ದು ಒಂದನ್ನೇ. ಚಕ್ಕಡಿಯಿಂದ ಇಳಿಯುವಾಗಲೇ ಓಣಿಗೆಲ್ಲ ಕೇಳುವಂತೆ, “ವಾಸಿ ಆಗೂದಿಲ್ಲಂತ ಡಾಕ್ಟರ ಕೈ ಚೆಲ್ಲ್ಯಾರ” ಎಂದು ಸಾರಿದರು.

ಅಂದಿನಿಂದ ಮನೆಯವರೆಲ್ಲ ನನ್ನ ಮೇಲೆ ಕರುಣೆ ತೋರಿಸತೊಡಗಿದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಒಲೆ ಬಿಡಿಸಿದ್ದು ಸರಿ. ಬೀಸುಕಲ್ಲು ಬಿಡಿಸಿದರು, ಕಸಬರಿಗೆ ಬಿಡಿಸಿದರು, ಕಾಳು ಹಸನು ಮಾಡುವುದನ್ನೂ ಬಿಡಿಸಿದರು. ಪಡಸಾಲೆಯ ಗೋಡೆಗೆ ಒಂದು ಕೌದಿ ಹಾಸಿ ಕೂಡಿಸಿದರು. ಮೊದಲ ಎಂಟು ದಿನ ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ? ತಿಂಗಳಾಗುವಷ್ಟರಲ್ಲಿ, ಇವತ್ತು ಯಾವ ಬೇಳೆ ಬೇಯಿಸೋಣ ಎಂದು ಕೇಳುವವರೂ ಇಲ್ಲವಾದರು. ಊಟ ಸೇರಲಿಲ್ಲ, ಮಾತು ಬೇಡವಾಯಿತು. ದಮ್ಮು ಏರುವುದಕ್ಕೂ ಮುಂಚೆ, ಏರುತ್ತದೆ ಎಂಬ ಅಂಜಿಕೆ ಬಂದು ಎದೆಯ ಮೇಲೆ ಕೂಡುತ್ತಿತ್ತು. ಇದನ್ನು ಯಾರಿಗೆ ಹೇಳುವುದು? ಮನಸ್ಸಿಗೆ ಹೀಗಾಗುತ್ತದೆ ಎಂದರೆ ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಿಂದ ಹೊಡೆಸುವ ಮಂದಿ ನಮ್ಮವರು.

ಆಮೇಲೆ ನನ್ನನ್ನು ಮಾತಾಡಿಸಲು ಬರುವವರ ಸಾಲು ಹತ್ತಿತು. ಜಡ್ಡಾದವರನ್ನು ಮಾತಾಡಿಸಿ ಬರದಿದ್ದರೆ ನಮ್ಮಲ್ಲಿ ಸಂಬಂಧವೇ ಹರಿದಂತೆ. ಬಂದವರು ನನ್ನ ಮುಂದೆ ಕೂತು, ಇದೇ ದಮ್ಮಿನಿಂದ ಯಾರು ಯಾರು ಸತ್ತರು, ಸಾಯುವಾಗ ಹೇಗೆ ಒದ್ದಾಡಿದರು ಎಂಬುದನ್ನು ಅತ್ತೆಗೆ ವಿವರಿಸಿ ಚಹಾ ಕುಡಿಯುತ್ತಿದ್ದರು. ಏಳುವಾಗ ಉಡಿ ತುಂಬುತ್ತಿದ್ದರು. ಕೊನೆಗಾಲದ ಮುತ್ತೈದೆಗೆ ಉಡಿ ತುಂಬಿದರೆ ತಮ್ಮ ಮುತ್ತೈದೆತನ ಗಟ್ಟಿ ಎಂಬ ನಂಬಿಕೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಕುಬಸದ ಖಣ. ಬಟ್ಟೆಗೆ ಬರ ಬಂದಿದ್ದ ಕಾಲ ಬೇರೆ. ಒಂದು ಖಣವಂತೂ ನಾನೇ ಎರಡು ವರ್ಷದ ಹಿಂದೆ ಕಾಖಂಡಕಿಯ ಚಿಕ್ಕಮ್ಮನಿಗೆ ಕೊಟ್ಟದ್ದು. ಅಂಚಿನ ಎಣ್ಣೆ ಕಲೆ ನೋಡಿ ಗುರುತು ಹಿಡಿದೆ. ನಾಲ್ಕು ಊರು ಸುತ್ತಿ ನನ್ನ ಸಾವಿಗೆ ಬಂದು ಮುಟ್ಟಿತ್ತು.

“ಗಂಡ ಇರೂತನಾ ಹೋಗಾಕತ್ತಾಳ. ಹಿಂಥಾ ಸಾವು ಎಷ್ಟ ಮಂದಿಗಿ ಸಿಗತೈತಿ? ಪುಣ್ಯವಂತಿ ಬಿಡ್ರಿ” ಎನ್ನುತ್ತಿದ್ದರು. ಪುಣ್ಯವಂತಿ ಅಲ್ಲೇ ಕೂತು ಕೇಳುತ್ತಿದ್ದಳು.

ಗಂಡ ದಿನಾ ಸಂಜೆ ಹೊಸ್ತಿಲ ಮೇಲೆ ನಿಂತು “ಹೆಂಗೈತಿ?” ಎಂದು ಕೇಳುತ್ತಿದ್ದರು. ಕೆಮ್ಮು ಮುಗಿದು ನಾನು ಉತ್ತರ ಕೊಡುವಷ್ಟರಲ್ಲಿ ಎತ್ತಿಗೆ ಮೇವು ಹಾಕಲು ಹೋಗಿರುತ್ತಿದ್ದರು.

ಒಂದು ದಿನ ಹೊನವಾಡದಿಂದ ನನ್ನ ಗಂಡನಿಗೆ ದೂರದ ಸಂಬಂಧದಲ್ಲಿ ಸೋದರತ್ತೆಯಾಗುವವರು, ಮಗಳನ್ನು ಕರೆದುಕೊಂಡು ಬಂದರು. ಒಳಗೆ ಹೂರಣ ರುಬ್ಬುವ ಸದ್ದು. ಜಡ್ಡಾದವಳನ್ನು ನೋಡಲು ಬಂದವರಿಗೆ ಹೋಳಿಗೆ ಯಾರು ಮಾಡುತ್ತಾರೆ? ನನಗೆ ಅಲ್ಲೇ ತಿಳಿಯಿತು. ಆ ತಾಯಿ ನನ್ನ ಕಡೆ ಒಮ್ಮೆ ನೋಡಿ, ಕಾಳು ತುಂಬುವ ಹಗೇವು ನೋಡಿದಳು, ದನ ಕಟ್ಟುವ ಹಕ್ಕಿ ನೋಡಿದಳು, ಎತ್ತಿನ ಹಲ್ಲೊಂದನ್ನು ಬಿಟ್ಟು ಎಲ್ಲ ನೋಡಿದಳು. ಉರಿಯುವ ಮನೆಯ ಗಳ ಹಿರಿಯುವುದೆಂದರೆ ಇದೇ. ನನಗೆ ಸಿಟ್ಟೂ ಬರಲಿಲ್ಲ. ಎಲ್ಲರಿಗೂ ಅನುಕೂಲವಾಗುವುದಾದರೆ ಬೇಗ ಹೋಗಿಬಿಡಬೇಕು ಎಂದು ಅವತ್ತು ನಿಜವಾಗಿಯೂ ಅನ್ನಿಸಿತು.

ದೊಡ್ಡವರು ಹಿತ್ತಲಿಗೆ ಹೋದಾಗ ಹುಡುಗಿ ನನ್ನ ಹತ್ತಿರ ಉಳಿದಳು. ಹದಿನಾರೋ ಹದಿನೇಳೋ ಇದ್ದೀತು. ಸೆರಗಿನ ತುದಿ ಸುತ್ತುತ್ತ ಮೆಲ್ಲಗೆ ಕೇಳಿದಳು: “ಅಕ್ಕಾರ, ನಿಮಗ ಅಂಜಿಕಿ ಬರತೈತೇನ್ರಿ?”

ಇಷ್ಟು ತಿಂಗಳಲ್ಲಿ ಈ ಪ್ರಶ್ನೆ ಯಾರ ಬಾಯಿಂದಲೂ ಬಂದಿರಲಿಲ್ಲ. “ಬರತೈತಿ ತಂಗಿ. ದಿನಾ ಬರತೈತಿ” ಅಂದೆ. ಅಳು ಬಂತು, ಅಳುವಿನ ಜೊತೆ ದಮ್ಮೂ ಬಂತು. ಅವಳು ಯಾರನ್ನೂ ಕೂಗಲಿಲ್ಲ. ನನ್ನನ್ನು ಮುಂದಕ್ಕೆ ಬಾಗಿಸಿ, ಉಸಿರು ಹದಕ್ಕೆ ಬರುವ ತನಕ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕೂತಳು.

“ನನಗೂ ಬರತೈತ್ರಿ,” ಅಂದಳು ಆಮೇಲೆ. “ಈ ಮನಿಗಿ ಬರಾಕ. ಕೈ ಮುಗಿತೀನ್ರಿ ಅಕ್ಕಾರ, ನೀವು ಸಾಯಬ್ಯಾಡ್ರಿ.”

ಇಷ್ಟು ಮಂದಿ ಬಂದು ಉಡಿ ತುಂಬಿ ಹೋದ ಮನೆಯಲ್ಲಿ ನಾನು ಬದುಕಲಿ ಎಂದು ಬಾಯಿಬಿಟ್ಟು ಬೇಡಿಕೊಂಡವಳು, ನಾನು ಸತ್ತ ಮೇಲೆ ನನ್ನ ಜಾಗಕ್ಕೆ ಬರಬೇಕಾಗಿದ್ದವಳು ಒಬ್ಬಳೇ.

“ಇಲ್ಲ ಬಿಡು ತಂಗಿ, ಸಾಯೂದಿಲ್ಲ” ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ. ಅಂಥ ಮಾತನ್ನು ನನ್ನ ಗಂಡ ನನ್ನಿಂದ ಎಂದೂ ಕೇಳಿರಲಿಲ್ಲ.