ತಾತ ಬಿಡಿಸಿ ತೋರಿಸಿದ ಹಿಕ್ಕೆ

ಮಳೆ ಬಿದ್ದ ಮರುದಿನ ಮೇಕೆಗಳ ರೊಪ್ಪದಿಂದ ಏಳುವ ಉಚ್ಚೆ, ಹಿಕ್ಕೆ, ನೆಂದ ಕೂದಲಿನ ಗಬ್ಬುವಾಸನೆ ನಿಮಗೆ ಗೊತ್ತಿದ್ದರೆ, ದೇವಸಮುದ್ರದ ಹತ್ತಿರದ ನಮ್ಮ ಮನೆಯೂ ಅರ್ಧ ಗೊತ್ತಾದಂತೆ. ಈಗ ಅಲ್ಲಿ ರೊಪ್ಪವೂ ಇಲ್ಲ, ಮನೆಯೂ ಇಲ್ಲ. ಆದರೂ ಎಲ್ಲಾದರೂ ಮೇಕೆಗಳ ಹಿಂಡು ಹಾದುಹೋದರೆ ನನ್ನ ಕೈ ಮೊದಲು ಮೂಗು ಮುಚ್ಚುತ್ತದೆ, ಆಮೇಲೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ತೊಂಬತ್ತರ ದಶಕ. ನಾನು ಎರಡನೇ ಕ್ಲಾಸು. ನಮ್ಮ ಜೊತೆಗಿದ್ದ ಅವ್ವನ ಅಪ್ಪ, ನನ್ನ ತಾತ, ಮೇಕೆ ಕಾಯುತ್ತಿದ್ದ. ಒಂದು ಬೆಳಿಗ್ಗೆ ಅವನು ರೊಪ್ಪ ಗುಡಿಸುವಾಗ, ಯಾರೂ ಬಿತ್ತದೆ ಜಾಲಿಗಿಡ ಹೇಗೆ ಹುಟ್ಟುತ್ತದೆ ಎಂದು ಕೇಳಿದೆ. ತಾತ ಒಂದು ಹಸಿ ಹಿಕ್ಕೆ ಹೆಕ್ಕಿ, ಹೆಬ್ಬೆರಳ ಉಗುರಿನಿಂದ ಸೀಳಿದ. ಹಸಿರು ಗಸಿಯ ನಡುವೆ ಒಂದು ಕಂದು ಬೀಜ. ನಾನು ಮೂಗು ಮುಚ್ಚಿಕೊಂಡೆ.

"ಹೇಸಬ್ಯಾಡ, ನೋಡವ್ವ. ಜಾಲಿ ಬೀಜದ ಸಿಪ್ಪೆ ಬಲು ಗಟ್ಟಿ, ನೀರು ಒಳಕ್ಕೆ ಬಿಡಲ್ಲ. ಮೇಕೆ ಹೊಟ್ಟೆಯಾಗೆ ಅದು ಮೆತ್ತಗಾಗ್ತೈತೆ. ಹಿಕ್ಕೆ ಬಿದ್ದಲ್ಲೇ ಗೊಬ್ಬರಾನೂ ಆಯ್ತು. ಮಳೆ ಬಂದ್ರೆ ಮೊದ್ಲು ಬೇರು ಕೆಳಕ್ಕೆ ಇಳೀತೈತೆ, ಆಮೇಲೆ ಮೊಳಕೆ ಮೇಲಕ್ಕೆ."

ಅದೇ ವಾರ ಶಾಲೆಯಲ್ಲಿ ಬೀಜದ ಪಾಠ ಬಂತು. ಮನೆಯಿಂದ ಒಂದೊಂದು ಬೀಜ ತನ್ನಿ ಎಂದಿದ್ದರು ಮೇಷ್ಟ್ರು. ಉಳಿದವರು ಶೇಂಗಾ, ಅವರೆ ತಂದರು. ನಾನು ನಾಲ್ಕು ಹಿಕ್ಕೆಗಳನ್ನು ಕಾಗದದಲ್ಲಿ ಸುತ್ತಿ ಒಯ್ದು ಅವರ ಮೇಜಿನ ಮೇಲೆ ಬಿಚ್ಚಿದೆ. ಮೇಷ್ಟ್ರು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು, "ಥೂ, ಹೊರಗೆ ಬಿಸಾಕು. ಕೈ ತೊಳ್ಕೊಂಡು ಬಾ," ಎಂದರು. ಕ್ಲಾಸೆಲ್ಲ ನಕ್ಕಿತು. ಬೀಜ ಒಳಗಿದ್ದಂತೆಯೇ ಹಿಕ್ಕೆಗಳನ್ನು ಹೊರಗೆ ಬಿಸಾಕಿ, ಕೈ ತೊಳೆದುಕೊಂಡು ಬಂದೆ. ಸಂಜೆಯವರೆಗೂ ಪಕ್ಕದ ಹುಡುಗಿ ನನ್ನಿಂದ ಸರಿದೇ ಕೂತಿದ್ದಳು.

ಅಂದು ಊಟಕ್ಕೆ ಕೂತಾಗ ತಾತ ಎಂದಿನಂತೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನನ್ನ ಬಾಯಿಗೆ ಹಿಡಿದ. ನಾನು ಮುಖ ತಿರುಗಿಸಿ, "ನಿನ್ ಕೈ ನಾರ್ತೈತೆ, ಥೂ," ಎಂದೆ. ಮೇಷ್ಟ್ರ ದನಿಯೇ ಅದು. ಅವ್ವ ಹೊಡೆಯಲು ಕೈಯೆತ್ತಿದಳು.

"ಬಿಡವ್ವ, ಕೂಸು. ಇದ್ದದ್ದು ಹೇಳ್ತು," ಎಂದು ತಾತ ಆ ತುತ್ತನ್ನು ತಾನೇ ನುಂಗಿದ.

ಮತ್ತೆಂದೂ ಅವನು ನನಗೆ ಉಣಿಸಲಿಲ್ಲ, ಗಿಡಮರದ ಮಾತೂ ಎತ್ತಲಿಲ್ಲ. "ಇಸ್ಕೂಲಾಗೆ ಏನ್ ಹೇಳ್ಕೊಟ್ರವ್ವ?" ಎಂದು ಮಾತ್ರ ಕೇಳುತ್ತಿದ್ದ. ಮೊಳಕೆಗೆ ನೀರು, ಗಾಳಿ, ಶಾಖ ಬೇಕು ಎಂದು ನಾನು ಬಾಯಿಪಾಠ ಒಪ್ಪಿಸುತ್ತಿದ್ದೆ. ಏನೂ ಗೊತ್ತಿಲ್ಲದವನ ಹಾಗೆ ತಾತ ತಲೆಯಾಡಿಸುತ್ತಾ ಕೇಳುತ್ತಿದ್ದ, ಎರಡೂ ಕೈಗಳನ್ನು ಹೆಗಲ ಟವೆಲ್ಲಿನೊಳಗೆ ಮುಚ್ಚಿಟ್ಟುಕೊಂಡು.