ಎಷ್ಟ ಮಂದಿ ಎದ್ರು?

ನಾ ಗ್ರಾಮ ಪಂಚಾಯ್ತಿ ಮೆಂಬರ. ನಮ್ಮೂರ ಹೆಸರು ಬ್ಯಾಡ. ಟಿಕೋಟಾದವ್ರು ನಮ್ಮನ್ನ ಬಬಲೇಶ್ವರ ಕಡೇದವ್ರು ಅಂತಾರ, ಬಬಲೇಶ್ವರದವ್ರು ಟಿಕೋಟಾ ಕಡೇದವ್ರು ಅಂತಾರ, ಅಂಥಾ ಊರು. ಮೆಂಬರ ಆದ ಮ್ಯಾಲ ನನಗೊಂದು ಚಟ ಹತ್ತಿತು. ಚಹಾದಂಗಡಿಗೆ ಹೋದ್ರ ಬಾಕಿನ ಮ್ಯಾಲ ಕುಂತವ್ರು ಎದ್ದು ನಿಂದ್ರಬೇಕು. ಒಬ್ಬಾಂವ ಕುಂತಲ್ಲೇ ಕುಂತಿದ್ದ ಅಂದ್ರ ಆ ಚಹಾ ನನಗ ರುಚಿ ಹತ್ತತಿರಲಿಲ್ಲ. ನನ್ನ ಹೆಂಡತಿಗೆ ಈ ಬ್ಯಾನಿ ಪೂರಾ ಗೊತ್ತು. ನಾ ಬಾಗಲದಾಗ ಚಪ್ಲಿ ಬಿಡೂದ್ರೊಳಗ ಅಡಗಿಮನ್ಯಾಗಿಂದ ಕೇಳತಾಳ, "ಎಷ್ಟ ಮಂದಿ ಎದ್ರು ಇವತ್ತ?" ಸಿಟ್ಟು ಬರತಿತ್ತು. ಆದ್ರೂ ಎದ್ದವರ ಹೆಸರು ಹೇಳತಿದ್ದೆ.

ಹೋದ ವರ್ಷ ದ್ರಾಕ್ಷಿ ಸುಗ್ಗಿ ಮುಗದಿತ್ತು. ಒಣದ್ರಾಕ್ಷಿ ಶೆಡ್ಡಿನ್ಯಾಗ ಕೆಲಸಾ ಮಾಡೂ ನಮ್ಮ ಓಣಿ ಹೆಣ್ಮಗಳೊಬ್ಬಾಕಿ ಮನಿಗೆ ಬಂದಳು. ಅಕಿ ತಂಗಿ, ಏಜೆಂಟನ ಮಾತ ನಂಬಿ, ಅಡಗಿ ಕೆಲಸಕ್ಕಂತ ಅರಬ ದೇಶಕ್ಕ ಹೋಗಿದ್ಳು. ಹೋದ ದಿನಾನ ಮಾಲಕ ಪಾಸ್‌ಪೋರ್ಟ್ ಕಸಗೊಂಡಿದ್ದ. ಪಗಾರಿಲ್ಲ, ಸೂಟಿ ಇಲ್ಲ, ಹೊರಗಿನ ಬಾಗಲಕ್ಕ ಕೀಲಿ. ಆ ಊರಾಗ ಮಂಗಳೂರ ಕಡೆ ನರ್ಸ್‌ಬಾಯಿ ಒಬ್ರು ಇದ್ರು. ಅವ್ರು, ಅವ್ರ ಜೋಡಿ ಬ್ಯಾರೆ ಬ್ಯಾರೆ ದೇಶದ ಮೂರ್ನಾಲ್ಕು ಹೆಂಗಸ್ರು, ತಮ್ಮ ಡ್ಯೂಟಿ ಮುಗದ ಮ್ಯಾಲ ಹಿಂಗ ಸಿಕ್ಕೊಂಡವರನ್ನ ಬಿಡಸೂ ಕೆಲಸಾ ಮಾಡತಿದ್ರು. ಆದ್ರ ಅಲ್ಲಿ ಠಾಣೇಕ ಹೋದ್ರ, ಅಕಿ ನಿಮಗೇನಾಗಬೇಕು, ನಿಮಗ ಯಾರ ಹೇಳ್ಯಾರ, ಅಂತ ಕೇಳಿ ಹೊರಗ ಹಾಕತಿದ್ರಂತ.

"ಪಂಚಾಯ್ತಿ ಶಿಕ್ಕಾ ಇದ್ದದ್ದು ಒಂದ ಕಾಗದ ಬೇಕಂತ್ರಿ ಕಾಕಾ," ಅಂದಳು ಅಕ್ಕ. "ಮಾಲಕ ಮನಿಮಂದಿ ಕರಕೊಂಡು ಬ್ಯಾರೆ ದೇಶಕ್ಕ ಹೊಂಟಾನಂತ. ಇಕಿನ್ನೂ ಒಯ್ದ ಅಂದ್ರ ಮತ್ತ ನನ್ನ ತಂಗಿ ಸಿಗೂದಿಲ್ರಿ."

"ಬರೇ ಕಾಗದ ಯಾಕಬೇ? ಠರಾವ ಪಾಸ್ ಮಾಡಸ್ತೀನಿ," ಅಂದೆ. ಅಲ್ಲೇ ನಾ ಕೆಟ್ಟೆ.

ಠರಾವ ಬರಿಯಾಕ ಕುಂತೆ ನೋಡ್ರಿ, ಸಾಲ್ಯಾಗ ಭಾಷಣದಾಗ ಬಹುಮಾನ ತಗೊಂಡಿದ್ದೆಲ್ಲಾ ನೆನಪಾತು. 'ಪರಕೀಯ ನೆಲದಲ್ಲಿ ದಾಸ್ಯಶೃಂಖಲೆಯಲ್ಲಿ ನರಳುತ್ತಿರುವ ಅಬಲೆಯ ಬಿಡುಗಡೆಗೆ ಈ ಸಭೆಯು ಸರ್ವಾನುಮತದಿಂದ ಅನುಮೋದನೆ ನೀಡಿದೆ.' ಓದಿ ನನಗ ನಾನ ತಲಿದೂಗಿದೆ. ಹೆಂಡತಿಗೆ ಓದಿ ಹೇಳಿದ್ರ, "ಅಕಿ ಕೀಲಿ ಹಾಕಿದ ಮನ್ಯಾಗ ಅದಾಳ ಅಂತ ಎಲ್ಲಿ ಬರದೀರಿ?" ಅಂದಳು. ನಿನಗ ಸಾಹಿತ್ಯ ತಿಳಿಯೂದಿಲ್ಲ ಅಂದೆ.

ಮೀಟಿಂಗಿನ್ಯಾಗ ಒಬ್ಬ ಮೆಂಬರ ತಕರಾರ ತಗದ. "ನಮ್ಮ ಹದ್ದಿ ಹಳ್ಳದ ಬ್ರಿಜ್ಜಿಗೆ ಮುಗಿತೈತಿ. ಸಮುದ್ರದ ಆಚೆ ಹೋಗಿ ನಾವೇನ ಕಡದು ಕಟ್ಟಿ ಹಾಕೂದೈತಿ?" ಅಂದ. "ಅಕಿ ಮನಿ ತೆರಿಗಿ ನಮ್ಮ ಪಂಚಾಯ್ತಿಗೇ ತುಂಬತಾರ," ಅಂದೆ ನಾ. ಮೆಂಬರ ಆದ ಮ್ಯಾಲ ನಾ ಆಡಿದ ಶ್ಯಾಣ್ಯಾ ಮಾತು ಅದೊಂದ. ಅಷ್ಟರಾಗ ಗಿರಮಿಟ್ಟು, ಮಿರ್ಚಿ ಬಂದೂವು. ಠರಾವ ಪಾಸಾತು. ಅದಕ್ಕ ಕೈ ಎತ್ತಿದ್ರೋ ಮಿರ್ಚಿಗೆ ಕೈ ಚಾಚಿದ್ರೋ, ಇವತ್ತಿಗೂ ನನಗ ಸಂಶೇ ಐತಿ.

ಪಿಡಿಓ ಮೇಡಂ ಅಲ್ಲೇ ಶಿಕ್ಕಾ ಹೊಡದ ಕೊಡತೀನಿ ಅಂದ್ರು. ನನಗ ಅಷ್ಟರಾಗ ಸಮಾಧಾನ ಎಲ್ಲಿಂದ? ವಿಜಯಪುರದ ದೊಡ್ಡ ಆಫೀಸಿನ ಶಿಕ್ಕಾನೂ ಬಿದ್ರ ತೂಕ ಬರತೈತಿ ಅಂತ, ಇಸ್ತ್ರಿ ಅಂಗಿ ಹಾಕ್ಕೊಂಡು ಬಸ್ ಹತ್ತಿದೆ. ಆಫೀಸಿನ್ಯಾಗ ಯಾರೂ ಏಳಲಿಲ್ಲ. ಕಾಗದ ಕೊಟ್ಟು ಬಂದೆ. ಮುಂದ ಎಷ್ಟ ದಿನಾ ಕಾದ್ರೂ ಸುದ್ದಿ ಇಲ್ಲ. ಇತ್ತ ಅಕ್ಕ ದಿನಾ ಸಂಜಿಕ ಶೆಡ್ಡಿನಿಂದ ಸೀದಾ ನನ್ನ ಬಾಗಲಕ್ಕ ಬಂದು ನಿಂದ್ರತಿದ್ಳು. ಕಡೀಕ ಮತ್ತ ವಿಜಯಪುರಕ್ಕ ಹೋದೆ. ಕ್ಲಾರ್ಕ್ ಕಾಗದ ಹುಡಕಿ ತಗದು, ಚಷ್ಮಾ ಏರಿಸಿ ಕೇಳಿದ, "ಎಷ್ಟ್ರಿ?"

"ಏನ ಎಷ್ಟು?"

"ಬಿಡುಗಡೆ ರೀ. ಎಷ್ಟ ಬಿಡುಗಡೆ ಆಗಬೇಕು ಅಂತ ನೀವು ಬರದ ಇಲ್ಲ. ಗಟಾರದ್ದೋ, ಕುಡಿಯೂ ನೀರಿಂದೋ?"

"ಹೆಣ್ಮಗಳ ಬಿಡುಗಡೆ ರೀ."

"ಹಂಗಾದ್ರ ಮಹಿಳಾ ಅನುದಾನ. ಅದಕ್ಕ ಆ ಕಡೆ ಟೇಬಲ್ಲು," ಅಂತ ಕೈ ಮಾಡಿ ತೋರಿಸಿದ.

ಅವಂದೇನೂ ತಪ್ಪಿಲ್ಲ. ಜಲ್ಮೆಲ್ಲಾ ರೊಕ್ಕದ ಬಿಡುಗಡೆ ನೋಡಿದಾಂವ, ಮನಷ್ಯಾರ ಬಿಡುಗಡೆ ಅವನ ಟೇಬಲ್ಲಿಗೆ ಯಾವಾಗ ಬಂದಿತ್ತು? ನನ್ನ ದಾಸ್ಯಶೃಂಖಲೆ ದಾಟಿ ಹೋಗಿ ತನಗ ತಿಳದ ಒಂದ ಮಾತು ಹಿಡಕೊಂಡಿದ್ದ, ಅಷ್ಟ.

ಹೊರಗ ಮೆಟ್ಟಲದ ಮ್ಯಾಲ ನಿಂತು, ಅಕ್ಕ ಕೊಟ್ಟಿದ್ದ ನಂಬರಿನ ಮ್ಯಾಲ ನರ್ಸ್‌ಬಾಯಿಗೆ ಫೋನ್ ಹಚ್ಚಿದೆ. "ಮಾಲೀಕನ ಮನೆಯವರು ನಾಡಿದ್ದು ಹೊರಡ್ತಾರೆ ಸರ್," ಅಂದ್ರು. ಕಾಗದ ಇನ್ನೂ ಆಫೀಸಿನ್ಯಾಗ ಐತಿ ಅಂದೆ. ಅವ್ರು ಕೇಳಿದ್ರು, "ಅಲ್ಲಾ ಸರ್, ಅವಳು ನಿಮಗೇನಾಗಬೇಕು? ಇಲ್ಲಿ ಎಲ್ಲರೂ ಕೇಳೋದು ಅದನ್ನೇ."

ನನಗ ಸಿಟ್ಟು ಬಂತು. ಯಾರ ಮ್ಯಾಲ ಅಂತ ಗೊತ್ತಿಲ್ಲ. "ಏನಾಗಬೇಕು ಅಂದ್ರೇನ್ರಿ? ನಮ್ಮಾಕಿ ಅಕಿ. ನಮ್ಮೂರ ಮಗಳು. ನೀವು ಕೇಳಿದ್ರ ನಮ್ಮ ಊರೇ ಕೇಳಿದಂಗ. ನಮ್ಮಾಕಿನ್ನ ನಮಗ ಕಳಸ್ರಿ ಅಂತ ಹೇಳ್ರಿ ಅವ್ರಿಗೆ."

"ಇಷ್ಟೇ ಬರೆದು ಕಳಿಸಿ ಸರ್, ಸಾಕು," ಅಂದ್ರು.

ಸಿಕ್ಕ ಬಸ್ಸಿಗೆ ಊರಿಗೆ ಬಂದೆ. ಪಿಡಿಓ ಮೇಡಂ ಆ ಮಾತನ್ನ ಹಂಗ ಇಂಗ್ಲಿಷಿನ್ಯಾಗ ಟೈಪ್ ಮಾಡಿದ್ರು: ಈಕಿ ನಮ್ಮಾಕಿ, ಈ ಹೆಂಗಸ್ರು ನಮ್ಮ ಪರವಾಗಿ ಕೇಳಾಕತ್ತಾರ, ಈಕಿನ್ನ ಮನಿಗೆ ಕಳಸ್ರಿ. ಒಂದರ ಕಡೆ ದಾಸ್ಯಶೃಂಖಲೆ ಇರಲಿ ಅಂದೆ. "ಅದಕ್ಕ ಇಂಗ್ಲಿಷಿನ್ಯಾಗ ಏನಂತಾರ್ರಿ ಸರ್?" ಅಂದ್ರು. ಬಾಯಿ ಮುಚ್ಚಿದೆ. ಶಿಕ್ಕಾ ಬಿತ್ತು, ಫೋಟೋ ಹೋತು. ಅವತ್ತ ಸಂಜಿಕ ಆ ಹೆಂಗಸ್ರು ಅದನ್ನ ಹಿಡಕೊಂಡು ಠಾಣೇದಾಗ ಕುಂತ್ರಂತ. ಈ ಸಲ ಹೊರಗ ಹಾಕಲಿಲ್ಲಂತ. ಮಾಲಕಗ ಫೋನ್ ಹೋತು. ಅಂವ ಪಾಸ್‌ಪೋರ್ಟ್ ತಂದು ಟೇಬಲ್ಲಿನ ಮ್ಯಾಲ ಒಗದನಂತ. ಅಕ್ಕ ಈ ಸುದ್ದಿ ಹೇಳಾಕ ಬಂದಾಕಿ ನನ್ನ ಹೆಂಡತಿ ಕೊರಳಿಗೆ ಬಿದ್ದು ಅತ್ತಳು. ನಾನೂ ಅತ್ತೆ, ಹಿತ್ತಲಕ್ಕ ಹೋಗಿ.

ಇಷ್ಟಾದ್ರೂ ನನಗ ಬುದ್ಧಿ ಬಂದಿತ್ತಂತ ತಿಳೀಬ್ಯಾಡ್ರಿ. ತಂಗಿ ಊರಿಗೆ ಬಂದಳಂತ ಕೇಳಿದ್ದ ತಡಾ, ಶಾಲು, ಹಾರ, ಫೋಟೋದಾಂವ, ಎಲ್ಲಾ ತಯಾರ ಮಾಡಿದೆ. ಸತ್ಕಾರ ಅಂದ್ರ ಸತ್ಕಾರ ಆಗಬೇಕಲ್ಲ. "ಮಂದಿ ಬ್ಯಾಡ್ರಿ ಕಾಕಾ, ನೀವೊಬ್ಬರ ಬರ್ರಿ," ಅಂದಳು ಅಕ್ಕ. ಶಾಲು ಬಗಲಾಗ ಹಿಡಕೊಂಡು ಹೋದೆ.

ತಂಗಿ ನೆಲದ ಮ್ಯಾಲ ಕುಂತು ರೊಟ್ಟಿ ತಿನ್ನಾಕತ್ತಿದ್ಳು. ನಾ ಹೊಸ್ತಿಲಾ ದಾಟಿದ್ದ ತಡಾ, ತಾಟ ಸರಿಸಿ ಎದ್ದಳು. ಗ್ವಾಡಿಗೆ ಬೆನ್ನ ಹಚ್ಚಿ ನಿಂತು, ಎರಡೂ ಕೈ ಮುಂದ ಕಟಗೊಂಡು, ಕಣ್ಣ ನೆಲಕ್ಕ ಇಟ್ಟಳು. ನಾ ಅಕಿ ಕುಂದರಲಿ ಅಂತ ಕಾದೆ. ಅಕಿ ನಾ ಹೇಳಲಿ ಅಂತ ಕಾಯಾಕತ್ತಿದ್ಳು. "ಕುಂದರವಾ," ಅಂದೆ. ಕುಂತಳು. ತಾಟ ಮುಟ್ಟಲಿಲ್ಲ. "ಉಣ್ಣವಾ," ಅಂದೆ. ಆಗ ತುತ್ತು ಮುರದಳು.

"ಯಾರ ಬಂದ್ರೂ ಹಿಂಗ ಮಾಡತಾಳ್ರಿ, ಬಾಜೂಮನಿ ಕೂಸು ಬಂದ್ರೂ," ಅಂದಳು ಅಕ್ಕ. ಮಂದಿ ಹಿಂಗ ಏಳಲಿ ಅಂತನ ಅಲ್ಲೇನು ನಾ ಚಹಾದಂಗಡಿಗೆ ಹೋಗತಿದ್ದದ್ದು? ಶಾಲು ಬಿಚ್ಚದ ನೆಲದ ಮ್ಯಾಲ ಕುಂತುಬಿಟ್ಟೆ.

ಅವತ್ತಿನಿಂದ ಚಹಾದಂಗಡಿಗೆ ಹೋದ್ರ ದೂರದಿಂದನ "ಏಳಬ್ಯಾಡ್ರೋ" ಅಂತ ಕೂಗತೀನಿ. ಇಲೆಕ್ಷನ್ ಬಂತು ಅಂತ ನಗತಾರ. ಅಕಿ ಮನೀ ಕಡೆ ಹೋದ್ರೂ ಹೊರಗಿಂದನ "ಏಳಬ್ಯಾಡವಾ, ನಾನು," ಅನ್ನತಿದ್ದೆ. ಅಂದ್ರೂ ಏಳತಿದ್ಳು. ಸುಗ್ಗಿ ತಿರುಗಿ ಬಂತು, ಆದ್ರೂ ಏಳತಿದ್ಳು.

ಮೊನ್ನೆ ನರ್ಸ್‌ಬಾಯಿ ನನಗ ಫೋನ್ ಮಾಡಿ ಅಕಿ ಹೆಂಗ ಅದಾಳಂತ ಕೇಳಿದ್ರು. ಅದನ್ನ ಹೇಳಾಕ ಹೋದೆ. ಗಡಿಬಿಡ್ಯಾಗ ಕೂಗೂದು ಮರತೆ. ಪಡಸಾಲ್ಯಾಗ ಚಾಪಿ ಹಾಸಿ, ಅಕ್ಕ ತಂಗಿ ಇಬ್ಬರೂ ಒಣದ್ರಾಕ್ಷಿ ಕಡ್ಡಿ ಬಿಡಸಾಕತ್ತಿದ್ರು. ತಂಗಿ ತಲಿ ಎತ್ತಿ ನೋಡಿದಳು. ನಾ ಹೊಸ್ತಿಲದಾಗ ನಿಂತಬಿಟ್ಟೆ.

"ಚಪ್ಲಿ ಹೊರಗ ಬಿಡ್ರಿ ಕಾಕಾ, ದ್ರಾಕ್ಷಿ ಅದಾವ," ಅಂದಳು. ಕೈ ದ್ರಾಕ್ಷಿದಾಗ ಇತ್ತು. "ಬಂದು ಕುಂದರ್ರಿ."

ಹೊರಗ ಹೋಗಿ ಚಪ್ಲಿ ಬಿಟ್ಟು ಬಂದು, ಅಕಿ ಹೇಳಿದಲ್ಲೇ ಕುಂತೆ.

ಮನಿಗೆ ಬಂದಾಗ ಅಡಗಿಮನ್ಯಾಗಿಂದ ಹೆಂಡತಿ ಕೇಳಿದಳು, "ಎಷ್ಟ ಮಂದಿ ಎದ್ರು ಇವತ್ತ?"

"ಯಾರೂ ಏಳಲಿಲ್ಲ," ಅಂದೆ. "ಅಕೀನೂ ಏಳಲಿಲ್ಲ."

ಹಿಟ್ಟಿನ ಕೈಲೇನ ಹೊರಗ ಬಂದು ನನ್ನ ಮಾರಿ ನೋಡಿದಳು. ಅಲ್ಲೇ ನನ್ನ ಬಾಜೂಕ ಕುಂತಳು.