ಉಕ್ಕಡಂನಿಂದ ಬಂದ ಪ್ಲೇನರ್

ನನ್ನ ಗಂಡ ಉಕ್ಕಡಂಗೆ ಹೋಗಿಬರುತ್ತೇನೆ ಎಂದರೆ ನನಗೆ ಆಗಲೇ ಸೊಂಟ ನೋಯತೊಡಗುತ್ತದೆ. ಅಲ್ಲಿ ಹಳೆ ಕಬ್ಬಿಣದ ಅಂಗಡಿಗಳಿವೆ. ಬೇರೆಯವರು ಬೇಡವೆಂದು ತೂಕಕ್ಕೆ ಹಾಕಿದ ಮರಗೆಲಸದ ಯಂತ್ರಗಳು ಇವರ ಕಣ್ಣಿಗೇ ಬೀಳುತ್ತವೆ, ಬಿದ್ದವೆಲ್ಲ ಮನೆಗೂ ಬರುತ್ತವೆ. ಪೋತ್ತನೂರಿನ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆಗಲೇ ಒಂದು ಗರಗಸದ ಯಂತ್ರವೂ ಮರ ಕಡೆಯುವ ಲೇತೂ ಕೂತಿದ್ದವು. ನಾನು ಬಟ್ಟೆ ಒಣಗಿಸಲು ಅವುಗಳ ನಡುವೆ ಅಡ್ಡಡ್ಡ ನಡೆಯುತ್ತಿದ್ದೆ.

ಇವರು ದುಡಿದದ್ದೆಲ್ಲ ಒಂದು ಪಟ್ಟರೆಯಲ್ಲಿ. ಎರಕದ ಕಾರ್ಖಾನೆಗಳಿಗೆ ಮರದ ಅಚ್ಚು ಮಾಡಿಕೊಡುವ ಜಾಗ ಅದು. ಈಗ ಅಚ್ಚುಗಳನ್ನೂ ಕಂಪ್ಯೂಟರೇ ಕೊರೆಯುತ್ತದಂತೆ, ಪಟ್ಟರೆ ಮುಚ್ಚಿತು. ಇವರಿಗೆ ಉಳಿದದ್ದು ಮರದ ಹುಚ್ಚು, ಅದರ ಬೆನ್ನಿಗೇ ಬಂದ ಕೈನಡುಕ. ಮೊದಲು ಬಲಗೈ, ಆಮೇಲೆ ಎಡಗೈ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ಹೆಚ್ಚುತ್ತಲೇ ಹೋಗುತ್ತದೆ, ಕೈಗೆ ಏನಾದರೂ ಕೆಲಸ ಕೊಡುತ್ತಿರಿ ಎಂದರು. ಆ ಒಂದು ಮಾತನ್ನು ಇವರು ಗಟ್ಟಿಯಾಗಿ ಹಿಡಿದುಕೊಂಡರು, ಮಾತ್ರೆಯನ್ನು ನಾನು ನೆನಪಿಸಬೇಕು.

ಹಾಗಿರುವಾಗ ಒಂದು ದಿನ ಪ್ಲೇನರ್ ಬಂತು. ಟೆಂಪೋದಿಂದ ಇಳಿಸಿದಾಗ ಅದು ಯಂತ್ರವೆಂದು ಯಾರೂ ಹೇಳುವಂತಿರಲಿಲ್ಲ. ಎಲ್ಲ ಕಡೆ ತುಕ್ಕು ಹೊಪ್ಪಳಿಕೆ ಎದ್ದಿತ್ತು. ಎರಡು ಕಬ್ಬಿಣದ ಮೇಜುಗಳು, ನಡುವಿನ ಸಂದಿನಲ್ಲಿ ಬ್ಲೇಡು ಕೂರಿಸಿದ ಒಂದು ಉರುಳೆ. ಉರುಳೆ ಸುತ್ತುವಾಗ ಅದರ ಮೇಲೆ ಹಲಗೆಯನ್ನು ಕೈಯಿಂದಲೇ ಒತ್ತಿ ತಳ್ಳಬೇಕು, ಹಲಗೆಯ ಮೈ ನುಣುಪಾಗುತ್ತದೆ. ಇವರ ಪಟ್ಟರೆಯಲ್ಲಿ ನಡುಕವಿಲ್ಲದ ಕೈಯವರೇ ಅಂಥ ಯಂತ್ರಕ್ಕೆ ಬೆರಳು ಕೊಟ್ಟಿದ್ದರು. ನನಗೆ ಸಿಟ್ಟಿಗಿಂತ ಹೆಚ್ಚು ಭಯವಾಯಿತು.

"ಇದನ್ನ ಯಾರು ಓಡಿಸ್ತಾರೆ?" ಎಂದೆ.

"ಮೊದ್ಲು ತುಕ್ಕು ಹೋಗ್ಲಿ ಇರು. ಎಂಥಾ ಇರುಂಬು ಗೊತ್ತಾ ಇದು?" ಎಂದರು. ಇರುಂಬು ಎಂದರೆ ಕಬ್ಬಿಣ. ಸಿಕ್ಕಾಪಟ್ಟೆ ಖುಷಿಯಾದಾಗ ಇವರ ಬಾಯಲ್ಲಿ ತಮಿಳೇ ಮುಂದೆ ಬರುತ್ತದೆ.

ತುಕ್ಕು ಹೋಗಲಿ ಎಂದರಲ್ಲ, ಅಷ್ಟು ತುಕ್ಕು ಹೋಗುವುದುಂಟೇ ಎಂದು ನಾನು ಸುಮ್ಮನಾದೆ. ಇವರು ದಿನಾ ಬೆಳಿಗ್ಗೆ ಕಾಫಿ ಕುಡಿದು ಶೆಡ್ಡಿಗೆ ಹೋಗುವುದು, ಸೀಮೆಎಣ್ಣೆ ಸುರಿದು ಎಮರಿ ಕಾಗದದಲ್ಲಿ ತಿಕ್ಕುವುದು. ತಿಕ್ಕುವುದಕ್ಕೆ ನಡುಕ ಅಡ್ಡಿಯಿಲ್ಲ. ಸ್ಕ್ರೂಗೆ ಅಡ್ಡಿ. ಸ್ಪ್ಯಾನರ್ ಬೋಲ್ಟಿನ ಮೇಲೆ ಕೂರದೆ ಟಕಟಕ ಬಡಿಯುತ್ತಿತ್ತು. ನೋಡಲಾರದೆ ನಾನು ಕಿತ್ತುಕೊಂಡೆ. ಅಲ್ಲಿಂದ ನನ್ನ ಕಥೆ ಮುಗಿಯಿತು. ಅವರು ಗದ್ದದಿಂದ ತೋರಿಸುವುದು, ನಾನು ತಿರುಗಿಸುವುದು. ಬೇರಿಂಗು ಬಡಿದು ಕೂರಿಸಿದವಳು ನಾನು. ಬ್ಲೇಡಿನ ಎತ್ತರ ನೋಡಲು ಹಿಂದಿನ ಮೇಜಿನ ಮೇಲೆ ನೆಟ್ಟಗಿನ ಮರದ ಪಟ್ಟಿ ಇಟ್ಟು ಉರುಳೆಯನ್ನು ಕೈಯಲ್ಲಿ ತಿರುಗಿಸಿದವಳೂ ನಾನೇ. ಬ್ಲೇಡು ಪಟ್ಟಿಯನ್ನು ಒಂದಿಷ್ಟೇ ಎಳೆಯಬೇಕು. "ಇನ್ನೂ ಸೊಲ್ಪ ಇಳಿಸು, ಅವಸರ ಬೇಡ" ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ಸಾರು ಉಕ್ಕುತ್ತಿತ್ತು. ನನ್ನ ಮೈಯೆಲ್ಲ ಗ್ರೀಸು, ತಲೆ ಸ್ನಾನ ಮಾಡಿದರೂ ಹೋಗದ ಸೀಮೆಎಣ್ಣೆಯ ನಾತ. ದಣಿವು ಎಂದರೆ ಅಂಥಿಂಥ ದಣಿವಲ್ಲ. ಆದರೂ ತುಕ್ಕು ಬೇಗ ಮುಗಿಯದಿರಲಿ ಎಂದೇ ದೇವರಲ್ಲಿ ಬೇಡುತ್ತಿದ್ದೆ. ತುಕ್ಕು ಇರುವ ತನಕ ಇವರ ಬೆರಳುಗಳು ಇದ್ದವು.

ಮುಗಿದೇ ಹೋಯಿತು. ಆಯುಧಪೂಜೆಯ ಹೊತ್ತಿಗೆ ಮೇಜು ಹೊಳೆಯುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಮೋಟರಿಗೆ ಲೈನು ಕೊಟ್ಟುಹೋದ. ವಿಭೂತಿ, ಕುಂಕುಮ, ನಿಂಬೆಹಣ್ಣು ಎಲ್ಲ ಆಯಿತು. ನಾಳೆ ಬೇವಿನ ಹಲಗೆ ಒಂದನ್ನು ಹಾಕಿ ನೋಡ್ತೀನಿ ಎಂದರು. ಬೇಡ ಎಂದೆ. ಜಗಳವಾಡಿದೆ, ಅತ್ತುಬಿಟ್ಟೆ. ಊಟದಲ್ಲಿ ಅನ್ನ ಎತ್ತಿದ ಕೈ ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲಿತು, ಇಬ್ಬರೂ ನೋಡದವರಂತೆ ಕೂತೆವು.

ನಾವಿಬ್ಬರೂ ಸಿರುಮುಗೈಯ ಮಗ್ಗದ ಮನೆಗಳವರು. ನಮ್ಮಲ್ಲಿ ಹಿರಿಯರ ಕಣ್ಣೋ ಕೈಯೋ ಸೋತಾಗ ಇನ್ನು ನೇಯಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಬೆಳಿಗ್ಗೆ ಅವರು ಬರುವ ಮುಂಚೆ ಮನೆಯವರೊಬ್ಬರು ಮಗ್ಗದ ಗುಂಡಿಯಲ್ಲಿ ಇಳಿದು ಕೂತಿರುತ್ತಾರೆ. ಹಿರಿಯರು ನೋಡುತ್ತಾರೆ, ಹೋಗಿ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಾರೆ. ಅಷ್ಟೇ. ಆಮೇಲೆ ಆ ಮಾತು ಮನೆಯಲ್ಲಿ ಬರುವುದಿಲ್ಲ.

ಮಾರನೆಯ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ಶೆಡ್ಡಿಗೆ ಹೋಗಿ ಪ್ಲೇನರಿನ ಮುಂದೆ ನಿಂತೆ. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದೆ. ಬೇವಿನ ಹಲಗೆಯನ್ನು ಮುಂದಿನ ಮೇಜಿನ ಮೇಲೆ ಇಟ್ಟೆ.

ಅವರು ಬಂದರು. ಬಾಗಿಲಲ್ಲೇ ನಿಂತರು.

"ನಮ್ಮಪ್ಪನ ಗುಂಡೀಲಿ ನಾನೇ ಹೋಗಿ ಕೂತಿದ್ದು" ಎಂದರು. "ಅವತ್ತು ಅವರು ಕಾಫಿ ಕುಡೀಲಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಜಾಗ ಬಿಟ್ಟು ಪಕ್ಕಕ್ಕೆ ಸರಿದುಬಿಡೋಣ ಎನ್ನಿಸಿತು. ಸರಿಯಲಿಲ್ಲ.

ಅವರು ಹತ್ತಿರ ಬಂದು ನನ್ನ ಕೈ ನೋಡಿದರು. "ಬಳೆ ಬಿಚ್ಚು."

ನಾನು ಅವರ ಮುಖ ನೋಡಿದೆ. ಗಂಡನಿರುವ ಹೆಂಗಸು ಕೈ ಬರಿದು ಮಾಡಿಕೊಳ್ಳುವುದನ್ನು ನಮ್ಮ ಮನೆಗಳಲ್ಲಿ ಯಾರೂ ಸಹಿಸುವುದಿಲ್ಲ. ಹೆರಿಗೆಯಲ್ಲೂ ನಾನು ತೆಗೆದಿರಲಿಲ್ಲ.

"ಬ್ಲೇಡಿಗೆ ಅದೆಲ್ಲ ತಿಳಿಯಲ್ಲ. ಬಿಚ್ಚು" ಎಂದು ಅಂಗೈ ಚಾಚಿದರು.

ಒಂದೊಂದಾಗಿ ಬಿಚ್ಚಿ ಅವರ ಕೈಯಲ್ಲಿ ಇಟ್ಟೆ. ಗಾಜಿನ ಬಳೆಗಳು ಆ ಕೈಯಲ್ಲಿ ಒಂದಕ್ಕೊಂದು ತಾಗಿ ಗಲಗಲ ಎನ್ನತೊಡಗಿದವು. ಅವರು ಮುಷ್ಟಿ ಬಿಗಿದು ನಿಲ್ಲಿಸಲು ನೋಡಿದರು, ನಿಲ್ಲಲಿಲ್ಲ. ನಾನು ಸ್ವಿಚ್ ಒತ್ತಿದೆ.